ಫಾರ್ಮ್ ಸ್ಟೇಟ್ ಮತ್ತೆ ವ್ಯಾಲಿಡೇಶನ್: ರಿಯಾಕ್ಟಿವ್ ಆ್ಯಪ್‌ಗಳಲ್ಲಿ ತಲೆ ಕೆಡಿಸ್ಕೊಳ್ಳದೆ ಮಾಡೋದು ಹೇಗೆ

ಲಾಗಿನ್ ಫಾರ್ಮ್ ಬರೆಯೋದು ಯಾರಿಗೂ ಕಷ್ಟ ಅಲ್ಲ, ಎರಡು ಇನ್‌ಪುಟ್ ಒಂದು ಬಟನ್, ಮುಗೀತು. ಕಷ್ಟ ಶುರು ಆಗೋದು ಅದೇ ಪ್ರಾಜೆಕ್ಟ್‌ಗೆ ಇನ್ನೊಂದು ದೊಡ್ಡ ಫಾರ್ಮ್ ಬಂದಾಗ. ಒಂದು ಡ್ರಾಪ್‌ಡೌನ್ ಬದಲಾಯಿಸಿದ್ರೆ ಮೂರು ಫೀಲ್ಡ್ ಮಾಯ ಆಗ್ಬೇಕು, ಯೂಸರ್‌ನೇಮ್ ಸಿಗತ್ತಾ ಇಲ್ವಾ ಅಂತ ಸರ್ವರ್‌ನ ಕೇಳ್ಬೇಕು, ಎರಡು ಪಾಸ್‌ವರ್ಡ್ ಒಂದೇ ಇದ್ಯಾ ನೋಡ್ಬೇಕು, ಸೇವ್ ಮಾಡದೆ ಪೇಜ್ ಬಿಟ್ಟು ಹೊರಟ್ರೆ ಎಚ್ಚರಿಸ್ಬೇಕು, ಇಷ್ಟೆಲ್ಲ ಆಗೋ ಹೊತ್ತಿಗೆ ಕಾಂಪೊನೆಂಟ್ ಒಳಗೆ ಹದಿನೈದು ಯೂಸ್‌ಸ್ಟೇಟ್ (ರಿಯಾಕ್ಟ್‌ನಲ್ಲಿ ವ್ಯಾಲ್ಯೂ ನೆನಪಿಟ್ಕೊಳ್ಳೋದು), ಆರು ಯೂಸ್‌ಎಫೆಕ್ಟ್ (ರೆಂಡರ್ ಆದ ಮೇಲೆ ಓಡೋ ಕೋಡ್) ಸೇರ್ಕೊಂಡು ಯಾವ್ದು ಯಾವ್ದನ್ನ ಬದಲಾಯಿಸ್ತಿದೆ ಅಂತ ಬರೆದವರಿಗೇ ಗೊತ್ತಾಗಲ್ಲ.

ಡೇಟಾ ಬದಲಾದ್ರೆ ಸ್ಕ್ರೀನನ್ನೂ ತಾವೇ ಬದಲಾಯಿಸೋ ರಿಯಾಕ್ಟ್, ವ್ಯೂ, ಆಂಗ್ಯುಲರ್, ಸ್ವೆಲ್ಟ್, ಯಾವ್ದ್ರಲ್ಲಿ ಬರೀತಿದ್ರೂ ಸಮಸ್ಯೆ ಒಂದೇ, ಸಿಂಟ್ಯಾಕ್ಸ್ ಮಾತ್ರ ಬೇರೆ. ಹಾಗಾಗಿ ಇಲ್ಲಿ ಕೋಡ್‌ಗಿಂತ ಜಾಸ್ತಿ ತೀರ್ಮಾನಗಳ ಬಗ್ಗೆ ಹೇಳ್ತೀನಿ. ಉದಾಹರಣೆಗೆ ಒಂದು ಕಾರ್ಯಾಗಾರದ ರಿಜಿಸ್ಟ್ರೇಶನ್ ಫಾರ್ಮ್ ಇಟ್ಕೊಳ್ಳೋಣ: ಹೆಸರು, ಇಮೇಲ್, ಯೂಸರ್‌ನೇಮ್, ಪಾಸ್‌ವರ್ಡ್ ಎರಡು ಸಲ, ಬರೋ ದಿನ, ಜೊತೆಗೆ ಬರೋರ ಪಟ್ಟಿ.

ಇಡೀ ಲೇಖನದಲ್ಲಿ ನಾನು ಹಿಡ್ಕೊಂಡಿರೋ ದಾರ ಒಂದೇ. ಯೂಸರ್ ಟೈಪ್ ಮಾಡಿದ್ದನ್ನ ಟೈಪ್ ಮಾಡಿದ ಹಾಗೇ ಇಟ್ಕೊಳ್ಳಿ, ಲೆಕ್ಕ ಹಾಕಿ ತೆಗೆಯೋಕೆ ಆಗೋದನ್ನ ಸ್ಟೋರ್ ಮಾಡ್ಬೇಡಿ.

1. ಸ್ಟೇಟ್‌ನಲ್ಲಿ ಏನಿರ್ಬೇಕು, ಏನಿರ್ಬಾರ್ದು

ಸ್ಟೇಟ್ ಅಂದ್ರೆ ಆ್ಯಪ್ ನೆನಪಲ್ಲಿ ಇಟ್ಕೊಂಡಿರೋ ಡೇಟಾ. ಕೋಡ್ ಬರೆಯೋಕೆ ಮುಂಚೆ ಒಂದು ಪಟ್ಟಿ ಮಾಡಿ. ನಿಜವಾಗ್ಲೂ ಸ್ಟೋರ್ ಮಾಡ್ಬೇಕಾದ್ದು ತುಂಬ ಕಮ್ಮಿ: ಫೀಲ್ಡ್‌ಗಳ ಈಗಿನ ವ್ಯಾಲ್ಯೂ, ಶುರುವಲ್ಲಿ ಏನಿತ್ತು ಅನ್ನೋದು, ಯಾವ ಫೀಲ್ಡ್‌ಗೆ ಯೂಸರ್ ಹೋಗಿ ಹೊರಗೆ ಬಂದಿದಾರೆ ಅನ್ನೋದು (ಇದನ್ನೇ ಟಚ್ಡ್ ಅನ್ನೋದು), ಸರ್ವರ್ ಕೊಟ್ಟ ಎರರ್‌ಗಳು, ಆಮೇಲೆ ಸಬ್ಮಿಟ್ ಯಾವ ಹಂತದಲ್ಲಿದೆ ಅನ್ನೋದು. ಅಷ್ಟೇ.

ಮಿಕ್ಕಿದ್ದೆಲ್ಲ ಇದ್ರಿಂದಾನೇ ಹುಟ್ಟತ್ತೆ. ಫಾರ್ಮ್ ವ್ಯಾಲಿಡ್ ಇದ್ಯಾ? ವ್ಯಾಲ್ಯೂಗಳನ್ನ ರೂಲ್ಸ್‌ಗೆ ಕೊಟ್ಟು ನೋಡಿದ್ರೆ ಗೊತ್ತಾಗತ್ತೆ. ಡರ್ಟಿ ಇದ್ಯಾ, ಅಂದ್ರೆ ಯೂಸರ್ ಏನಾದ್ರೂ ಬದಲಾಯಿಸಿದಾರಾ? ಶುರುವಲ್ಲಿದ್ದ ವ್ಯಾಲ್ಯೂ ಜೊತೆ ಹೋಲಿಸಿದ್ರೆ ಗೊತ್ತಾಗತ್ತೆ. ಎರರ್ ಮೆಸೇಜ್ ತೋರಿಸ್ಬೇಕಾ? ಎರರ್ ಇದೆ ಮತ್ತೆ ಫೀಲ್ಡ್ ಟಚ್ ಆಗಿದೆ ಅಥವಾ ಒಂದ್ಸಲ ಸಬ್ಮಿಟ್ ಒತ್ತಿದಾರೆ, ಹಾಗಿದ್ರೆ ತೋರಿಸಿ. ಇದಕ್ಕೆಲ್ಲ ಬೇರೆ ಬೇರೆ ಸ್ಟೇಟ್ ಇಟ್ಟು ಎಫೆಕ್ಟ್‌ನಲ್ಲಿ ಸಿಂಕ್ ಮಾಡೋಕೆ ಹೋದ್ರೆ ಒಂದು ರೆಂಡರ್ (ಸ್ಕ್ರೀನ್ ಹೊಸದಾಗಿ ಬರೆಯೋ ಒಂದು ಸುತ್ತು) ಹಿಂದೆ ಬಿದ್ದಿರೋ ವ್ಯಾಲ್ಯೂ ಸಿಗತ್ತೆ, ಅಂದ್ರೆ ಯೂಸರ್ ಸರಿ ಮಾಡಿದ್ರೂ ಕೆಂಪು ಮೆಸೇಜ್ ಒಂದು ಕ್ಷಣ ಹಾಗೇ ಇರತ್ತೆ, ಆಮೇಲೆ ಫ್ಲಿಕರ್ ಆಗಿ ಹೋಗತ್ತೆ. ವ್ಯೂನಲ್ಲಿ ಕಂಪ್ಯೂಟೆಡ್, ಸ್ವೆಲ್ಟ್ 5 ರಲ್ಲಿ ಡಿರೈವ್ಡ್, ಆಂಗ್ಯುಲರ್ ಸಿಗ್ನಲ್ಸ್‌ನಲ್ಲೂ ಕಂಪ್ಯೂಟೆಡ್ ಇದಕ್ಕೇ ಇರೋದು. ರಿಯಾಕ್ಟ್‌ನಲ್ಲಿ ರೆಂಡರ್ ಆಗೋವಾಗ ನೇರವಾಗಿ ಲೆಕ್ಕ ಹಾಕಿದ್ರೆ ಸಾಕು, ಸಾಮಾನ್ಯ ಫಾರ್ಮ್‌ಗೆ ಯೂಸ್‌ಮೆಮೋ (ಲೆಕ್ಕ ಹಾಕಿದ್ದನ್ನ ನೆನಪಿಟ್ಕೊಳ್ಳೋದು) ಕೂಡ ಬೇಕಾಗಲ್ಲ.

ಸಬ್ಮಿಟ್ ಹಂತಕ್ಕೆ ಲೋಡಿಂಗ್ ಒಂದು ಬೂಲಿಯನ್ (ಹೌದು ಇಲ್ಲ ಅನ್ನೋ ವ್ಯಾಲ್ಯೂ), ಸಕ್ಸೆಸ್ ಒಂದು ಬೂಲಿಯನ್, ಫೇಲ್ಡ್ ಇನ್ನೊಂದು ಅಂತ ಹಾಕ್ಬೇಡಿ. ಮೂರು ಬೂಲಿಯನ್ ಅಂದ್ರೆ ಎಂಟು ಕಾಂಬಿನೇಶನ್, ಅದ್ರಲ್ಲಿ ಅರ್ಧಕ್ಕೆ ಅರ್ಥಾನೇ ಇಲ್ಲ, ಲೋಡಿಂಗೂ ಸಕ್ಸೆಸ್ಸೂ ಒಟ್ಟಿಗೆ ನಿಜ ಆಗೋದು ಹೇಗೆ? ಒಂದೇ ಸ್ಟೇಟಸ್ ಇಡಿ: ಸುಮ್ನಿದೆ, ಕಳಿಸ್ತಿದೆ, ಆಯ್ತು, ಕೆಟ್ಟೋಯ್ತು. ಒಂದು ಸಲಕ್ಕೆ ಒಂದೇ.

ಡರ್ಟಿ ಬಗ್ಗೆ ಒಂದು ಸಣ್ಣ ವಿಷ್ಯ. ಸರ್ವರ್‌ನಿಂದ ಬಂದಿದ್ದು ನಲ್ (ವ್ಯಾಲ್ಯೂನೇ ಇಲ್ಲ ಅನ್ನೋ ಗುರುತು), ಇನ್‌ಪುಟ್‌ನಲ್ಲಿರೋದು ಖಾಲಿ ಸ್ಟ್ರಿಂಗ್. ಯೂಸರ್ ಏನೂ ಮುಟ್ಟಿಲ್ಲ, ಆದ್ರೂ "ಸೇವ್ ಮಾಡದ ಬದಲಾವಣೆ ಇದೆ" ಅಂತ ಬರತ್ತೆ. ಫಾರ್ಮ್‌ಗೆ ಡೇಟಾ ತುಂಬೋ ಜಾಗದಲ್ಲೇ ನಲ್‌ನೆಲ್ಲ ಖಾಲಿ ಸ್ಟ್ರಿಂಗ್ ಮಾಡಿ, ಅದನ್ನೇ ಶುರುವಿನ ವ್ಯಾಲ್ಯೂ ಅಂತ ಇಟ್ಕೊಳ್ಳಿ. ರಿಯಾಕ್ಟ್‌ನಲ್ಲಿ ಇದ್ರಿಂದ ಇನ್ನೊಂದು ಲಾಭ ಇದೆ, ವ್ಯಾಲ್ಯೂ ಮೊದ್ಲು ಅನ್‌ಡಿಫೈನ್ಡ್ ಇದ್ದು ಆಮೇಲೆ ಸ್ಟ್ರಿಂಗ್ ಆದ್ರೆ ಕನ್ಸೋಲ್‌ನಲ್ಲಿ ಬರೋ ಅನ್‌ಕಂಟ್ರೋಲ್ಡ್‌ನಿಂದ ಕಂಟ್ರೋಲ್ಡ್‌ಗೆ ಹೋಯ್ತು ಅನ್ನೋ ವಾರ್ನಿಂಗ್ (ಇವೇನು ಅಂತ 3 ರಲ್ಲಿ ಹೇಳ್ತೀನಿ) ಕೂಡ ನಿಂತೋಗತ್ತೆ.

2. ಟೈಪ್ ಮಾಡ್ತಿರೋವಾಗ ಕೈ ಹಾಕ್ಬೇಡಿ

ಇನ್‌ಪುಟ್‌ನಲ್ಲಿ ಕಾಣೋದು ಸ್ಟ್ರಿಂಗ್, ಸ್ಟೇಟ್‌ನಲ್ಲೂ ಸ್ಟ್ರಿಂಗೇ ಇರ್ಲಿ. ನಂಬರ್ ಬೇಕಿದ್ರೆ ಸಬ್ಮಿಟ್ ಟೈಮಲ್ಲಿ ಬದಲಾಯಿಸಿ. ಪ್ರತಿ ಕೀ ಒತ್ತಿದಾಗ್ಲೂ ನಂಬರ್‌ಗೆ ಬದಲಾಯಿಸಿ ವಾಪಸ್ ಇನ್‌ಪುಟ್‌ಗೆ ಕೊಟ್ರೆ ಏನಾಗತ್ತೆ ನೋಡಿ: ಯೂಸರ್ 1.5 ಅಂತ ಹೊಡೀಬೇಕು, ಒಂದು ಹೊಡೆದ್ರು, ಚುಕ್ಕೆ ಹೊಡೆದ್ರು, ನಿಮ್ಮ ಕೋಡ್ ಅದನ್ನ ನಂಬರ್ ಮಾಡ್ತು, ಚುಕ್ಕೆ ಹೋಯ್ತು, ಈಗ 5 ಹೊಡೆದ್ರೆ 15. ಟ್ರಿಮ್ ಮಾಡೋದೂ (ಎರಡೂ ತುದಿಯ ಸ್ಪೇಸ್ ತೆಗೆಯೋದು) ಹಾಗೇ, ಪ್ರತಿ ಕೀಗೂ ಟ್ರಿಮ್ ಮಾಡಿದ್ರೆ ಹೆಸರಿನ ಮಧ್ಯ ಸ್ಪೇಸ್ ಹಾಕೋಕೇ ಆಗಲ್ಲ, ಯಾಕಂದ್ರೆ ಸ್ಪೇಸ್ ಹೊಡೆದ ಕ್ಷಣದಲ್ಲಿ ಅದು ಕೊನೇಲಿರತ್ತೆ.

ಟೈಪ್ ನಂಬರ್ ಇನ್‌ಪುಟ್‌ನ ಎಲ್ಲ ಅಂಕಿಗೂ ಬಳಸೋ ಚಟ ಇದ್ರೆ ಬಿಡಿ. ಅದು ಎಣಿಕೆಗೆ ಇರೋದು, ಎಷ್ಟು ಜನ, ಎಷ್ಟು ಕೇಜಿ, ಇಂಥದ್ದಕ್ಕೆ. ಫೋನ್ ನಂಬರ್, ಓಟಿಪಿ, ಕಾರ್ಡ್ ನಂಬರ್ ಇವೆಲ್ಲ ಅಂಕಿಯಲ್ಲಿ ಬರೆದಿರೋ ಪಠ್ಯ, ಕೂಡಿಸಿ ಕಳೆಯೋ ಸಂಖ್ಯೆ ಅಲ್ಲ, ಮುಂದಿರೋ ಸೊನ್ನೆಗೂ ಅಲ್ಲಿ ಬೆಲೆ ಇದೆ. ಇವಕ್ಕೆ ಟೈಪ್ ಟೆಕ್ಸ್ಟ್ (ಫೋನ್‌ಗೆ ಟೆಲ್) ಇಟ್ಟು ಇನ್‌ಪುಟ್‌ಮೋಡ್ ನ್ಯೂಮರಿಕ್ ಅಂತ ಕೊಟ್ರೆ ಮೊಬೈಲ್‌ನಲ್ಲಿ ಅಂಕಿ ಕೀಪ್ಯಾಡ್ ಬರತ್ತೆ. ಟೈಪ್ ನಂಬರ್‌ನಲ್ಲಿ ಇನ್ನೊಂದು ಕಿರಿಕಿರಿ, ಅರ್ಥ ಆಗದೇ ಇರೋದು ಏನಾದ್ರೂ ಒಳಗಿದ್ರೆ ಬ್ರೌಸರ್ ನಿಮ್ಗೆ ಕೊಡೋ ವ್ಯಾಲ್ಯೂ ಖಾಲಿ ಸ್ಟ್ರಿಂಗ್. ಯೂಸರ್‌ಗೆ ಬಾಕ್ಸ್‌ನಲ್ಲಿ ಏನೋ ಕಾಣ್ತಿದೆ, ನೀವು "ಇದನ್ನ ತುಂಬಿ" ಅಂತ ಬೈತಿದೀರಾ.

ದಿನಾಂಕಾನೂ ಸ್ಟ್ರಿಂಗಾಗೇ ಇಡಿ. ಟೈಪ್ ಡೇಟ್ ಇನ್‌ಪುಟ್ ಕೊಡೋದು 2025-03-10 ಥರದ ಸ್ಟ್ರಿಂಗ್. ಅದನ್ನ ಡೇಟ್ ಆಬ್ಜೆಕ್ಟ್‌ಗೆ ಹಾಕಿದ್ರೆ ಜಾವಾಸ್ಕ್ರಿಪ್ಟ್ ಅದನ್ನ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಅಂತ ಓದತ್ತೆ, ಯುಟಿಸಿಗಿಂತ ಹಿಂದಿರೋ ಟೈಮ್‌ಝೋನ್‌ನಲ್ಲಿ ಅದು 9 ನೇ ತಾರೀಖು ಅಂತ ತೋರಿಸತ್ತೆ. ಯುಟಿಸಿಗಿಂತ ಮುಂದಿರೋ ಕಡೆ ಇದ್ರ ಉಲ್ಟಾ ತೊಂದ್ರೆ, ಕ್ಯಾಲೆಂಡರ್ ವಿಜೆಟ್ ಕೊಟ್ಟ ಲೋಕಲ್ ಮಧ್ಯರಾತ್ರಿನ ಐಎಸ್ಓ ಸ್ಟ್ರಿಂಗ್ ಮಾಡಿ ಕಳಿಸಿದ್ರೆ ಹಿಂದಿನ ದಿನ ಹೋಗತ್ತೆ. ಬರೀ ದಿನ ಬೇಕಿದ್ದಾಗ ಟೈಮನ್ನ ಒಳಗೆ ತರಲೇಬೇಡಿ.

3. ಕಂಟ್ರೋಲ್ಡಾ, ಅನ್‌ಕಂಟ್ರೋಲ್ಡಾ

ಇದ್ರ ಮೇಲೆ ಜಗಳ ಜಾಸ್ತಿ, ವಿಷ್ಯ ಕಮ್ಮಿ. ಕಂಟ್ರೋಲ್ಡ್ ಅಂದ್ರೆ ವ್ಯಾಲ್ಯೂ ನಿಮ್ಮ ಸ್ಟೇಟ್‌ನಲ್ಲಿ, ಪ್ರತಿ ಕೀಗೂ ಅಪ್‌ಡೇಟ್. ಅನ್‌ಕಂಟ್ರೋಲ್ಡ್ ಅಂದ್ರೆ ವ್ಯಾಲ್ಯೂ ಡಾಮ್‌ನಲ್ಲೇ (ಬ್ರೌಸರ್ ಇಟ್ಕೊಂಡಿರೋ ಪೇಜ್ ರಚನೆ) ಇರತ್ತೆ, ಬೇಕಾದಾಗ ಓದ್ಕೊಳ್ಳೋದು. ಟೈಪ್ ಮಾಡ್ತಿರೋವಾಗ ಸ್ಕ್ರೀನ್‌ನಲ್ಲಿ ಬೇರೆ ಏನೋ ಬದಲಾಗ್ಬೇಕು ಅಂದ್ರೆ ಕಂಟ್ರೋಲ್ಡ್ ಸುಲಭ. ಐವತ್ತು ಫೀಲ್ಡ್ ಇದ್ದು ಏನೂ ಬದಲಾಗ್ಬೇಕಿಲ್ಲ ಅಂದ್ರೆ ಅನ್‌ಕಂಟ್ರೋಲ್ಡ್ ಹಗುರ, ರಿಯಾಕ್ಟ್ ಹುಕ್ ಫಾರ್ಮ್ ಅನ್ನೋ ಲೈಬ್ರರಿ ಇದೇ ದಾರಿ ಹಿಡಿಯತ್ತೆ. ಟೈಪ್ ಮಾಡಿದಾಗ ನಿಧಾನ ಅನ್ಸಿದ್ರೆ ತಕ್ಷಣ ಲೈಬ್ರರಿ ಬದಲಾಯಿಸೋಕೆ ಓಡ್ಬೇಡಿ, ಇಡೀ ಪೇಜ್ ಒಂದೇ ಕಾಂಪೊನೆಂಟ್‌ನಲ್ಲಿದ್ಯಾ ನೋಡಿ, ಫಾರ್ಮ್ ಪಕ್ಕದಲ್ಲಿರೋ ಭಾರೀ ಟೇಬಲ್ ಪ್ರತಿ ಕೀಗೂ ರೀರೆಂಡರ್ ಆಗ್ತಿರತ್ತೆ, ಫಾರ್ಮ್‌ದಲ್ಲ ತಪ್ಪು.

ರಿಯಾಕ್ಟ್ 19 (ಡಿಸೆಂಬರ್ 2024 ರಲ್ಲಿ ಬಂದಿದ್ದು) ಬಳಸ್ತಿದ್ರೆ ಒಂದು ಗಮನ ಇರ್ಲಿ. ಫಾರ್ಮ್‌ನ ಆ್ಯಕ್ಷನ್‌ಗೆ ಫಂಕ್ಷನ್ ಕೊಟ್ಟಿದ್ರೆ, ಅದು ಎರರ್ ಎಸೀದೆ ಮುಗಿದ್ರೆ ಸಾಕು, ಅನ್‌ಕಂಟ್ರೋಲ್ಡ್ ಫೀಲ್ಡ್‌ಗಳೆಲ್ಲ ರೀಸೆಟ್ ಆಗತ್ತೆ. ನೀವು ವ್ಯಾಲಿಡೇಶನ್ ಎರರ್‌ನ ರಿಟರ್ನ್ ಮಾಡಿದ್ರೂ ಅದ್ರ ಲೆಕ್ಕದಲ್ಲಿ ಅದು ಸಕ್ಸೆಸ್ಸೇ. ಹಾಗಾಗಿ ಎರರ್ ಜೊತೆಗೆ ಯೂಸರ್ ತುಂಬಿದ್ದ ವ್ಯಾಲ್ಯೂಗಳನ್ನೂ ವಾಪಸ್ ಕೊಟ್ಟು ಡೀಫಾಲ್ಟ್ ವ್ಯಾಲ್ಯೂ ಆಗಿ ಹಾಕಿ.

4. ರೂಲ್ಸ್ ಒಂದೇ ಕಡೆ ಬರೀರಿ

ಝಾಡ್, ಯಪ್, ವ್ಯಾಲಿಬಾಟ್, ಯಾವ್ದಾದ್ರೂ ಒಂದು ಸ್ಕೀಮಾ ಲೈಬ್ರರಿ (ಡೇಟಾ ಹೇಗಿರ್ಬೇಕು ಅಂತ ಬರೆಯೋಕೆ ಇರೋದು), ಅಥವಾ ಸ್ವಂತ ಫಂಕ್ಷನ್. ವ್ಯಾಲ್ಯೂಗಳನ್ನ ತಗೊಂಡು ಎರರ್‌ಗಳನ್ನ ಕೊಡೋ ಒಂದು ಪ್ಯೂರ್ ಫಂಕ್ಷನ್ (ಹೊರಗೆ ಏನನ್ನೂ ಮುಟ್ಟದೆ ಅದೇ ಇನ್‌ಪುಟ್‌ಗೆ ಅದೇ ಉತ್ತರ ಕೊಡೋದು) ಇರ್ಬೇಕು, ಕಾಂಪೊನೆಂಟ್‌ನಿಂದ ಹೊರಗೆ. ಬ್ರೌಸರ್ ಇಲ್ಲದೆ ಟೆಸ್ಟ್ ಮಾಡ್ಬಹುದು, ಸರ್ವರ್ ಕೂಡ ಜಾವಾಸ್ಕ್ರಿಪ್ಟ್ ಆಗಿದ್ರೆ ಅದೇ ಫೈಲ್ ಅಲ್ಲೂ ಬಳಸ್ಬಹುದು. ಸರ್ವರ್‌ನಲ್ಲಿ ಚೆಕ್ ಮಾಡೋದನ್ನ ಮಾತ್ರ ಯಾವತ್ತೂ ಬಿಡೋ ಹಾಗಿಲ್ಲ, ಬ್ರೌಸರ್‌ನಲ್ಲಿರೋದು ಯೂಸರ್‌ಗೆ ಸಹಾಯ ಅಷ್ಟೇ, ಭದ್ರತೆ ಅಲ್ಲ, ಡೆವ್‌ಟೂಲ್ಸ್ ತೆಗೆದ್ರೆ ಯಾರು ಬೇಕಾದ್ರೂ ದಾಟ್ತಾರೆ.

ಸ್ಕೀಮಾದಲ್ಲಿ ಜಾರಿ ಬೀಳೋ ಜಾಗ ಒಂದಿದೆ, ಕೋಅರ್ಶನ್, ಅಂದ್ರೆ ಒಂದು ಥರದ ವ್ಯಾಲ್ಯೂನ ಇನ್ನೊಂದು ಥರಕ್ಕೆ ಬದಲಾಯಿಸೋದು. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಸ್ಟ್ರಿಂಗನ್ನ ನಂಬರ್ ಮಾಡಿದ್ರೆ ಬರೋದು ಸೊನ್ನೆ. ಝಾಡ್‌ನ ಕೋಅರ್ಸ್ ನಂಬರ್ ಒಳಗೆ ಮಾಡೋದೂ ಅದನ್ನೇ. ಅಂದ್ರೆ ಯೂಸರ್ "ಎಷ್ಟು ಜನ" ಅನ್ನೋದನ್ನ ತುಂಬೇ ಇಲ್ಲ, ನಿಮ್ಮ ರೂಲ್ ಕಣ್ಣಿಗೆ ಅದು 0, ಸೊನ್ನೆ ಓಕೆ ಅಂತಿದ್ರೆ ಫಾರ್ಮ್ ಪಾಸ್. ಅದಕ್ಕೆ ಮೊದ್ಲು ಸ್ಟ್ರಿಂಗ್ ಖಾಲಿ ಇದ್ಯಾ ನೋಡಿ, ಆಮೇಲೆ ಅಂಕಿ ಹೌದಾ ನೋಡಿ, ಕೊನೇಲಿ ಬದಲಾಯಿಸಿ. "ಫಾಲ್ಸ್" ಅನ್ನೋ ಸ್ಟ್ರಿಂಗನ್ನ ಬೂಲಿಯನ್ ಮಾಡಿದ್ರೆ ಟ್ರೂ ಬರತ್ತೆ, ಅದೂ ಇದೇ ಜಾತಿ.

ಎರಡು ಫೀಲ್ಡ್ ಸೇರಿಸಿ ನೋಡೋ ರೂಲ್ಸ್ ಬೇರೆ ಥರ. ಪಾಸ್‌ವರ್ಡ್ ಮತ್ತೆ ಕನ್ಫರ್ಮ್ ಎರಡೂ ತುಂಬಿದಾರೆ, ಸರಿ ಇದೆ, ಆಮೇಲೆ ವಾಪಸ್ ಹೋಗಿ ಮೊದಲನೇ ಪಾಸ್‌ವರ್ಡ್ ಬದಲಾಯಿಸ್ತಾರೆ. ಬದಲಾದ ಫೀಲ್ಡ್‌ನ ಮಾತ್ರ ವ್ಯಾಲಿಡೇಟ್ ಮಾಡೋ ಕೋಡ್ ಇದ್ರೆ ಕನ್ಫರ್ಮ್ ಪಕ್ಕ ಹಸಿರು ಟಿಕ್ ಹಾಗೇ ಕೂತಿರತ್ತೆ. ಪ್ರತಿ ಬದಲಾವಣೆಗೂ ಇಡೀ ಫಾರ್ಮ್‌ನ ರೂಲ್ಸ್ ಓಡಿಸಿದ್ರೆ ಈ ತೊಂದ್ರೆನೇ ಇರಲ್ಲ, ಇಪ್ಪತ್ತು ಫೀಲ್ಡ್‌ಗೆ ಅದೇನೂ ಭಾರ ಅಲ್ಲ. ಎರರ್‌ನ ಯಾವ ಫೀಲ್ಡ್ ಕೆಳಗೆ ತೋರಿಸ್ಬೇಕು ಅಂತ ಮಾತ್ರ ನೀವೇ ತೀರ್ಮಾನ ಮಾಡಿ, ಇಲ್ಲಾಂದ್ರೆ ಕೆಲವು ಲೈಬ್ರರಿಗಳಲ್ಲಿ ಅದು ಫಾರ್ಮ್ ಮಟ್ಟದ ಎರರ್ ಆಗಿ ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಹೋಗತ್ತೆ.

ಎಚ್‌ಟಿಎಂಎಲ್‌ನ ರಿಕ್ವೈರ್ಡ್, ಪ್ಯಾಟರ್ನ್, ಮಿನ್‌ಲೆಂತ್ ಇದಾವಲ್ಲ, ಸಣ್ಣ ಫಾರ್ಮ್‌ಗೆ ಅದೇ ಸಾಕು, ಸುಮ್ನೆ ಲೈಬ್ರರಿ ಎಳೀಬೇಡಿ. ಸಿಎಸ್‌ಎಸ್‌ನ ಯೂಸರ್-ಇನ್‌ವ್ಯಾಲಿಡ್ ಈಗ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ, ಯೂಸರ್ ಫೀಲ್ಡ್ ಮುಟ್ಟಿ ಹೊರಗೆ ಬರೋವರ್ಗೂ ಕೆಂಪು ಹತ್ತಲ್ಲ. ನಿಮ್ಮದೇ ಮೆಸೇಜ್ ತೋರಿಸೋದಾದ್ರೆ ಫಾರ್ಮ್‌ಗೆ ನೋವ್ಯಾಲಿಡೇಟ್ ಹಾಕಿ, ಇಲ್ಲಾಂದ್ರೆ ಬ್ರೌಸರ್ ಬಬಲ್ ಮೊದ್ಲು ಬಂದು ಸಬ್ಮಿಟ್ ಇವೆಂಟೇ ನಿಮ್ಮ ಕೋಡ್‌ವರ್ಗೂ ಬರಲ್ಲ. ಮಿನ್‌ಲೆಂತ್ ಲೆಕ್ಕಕ್ಕೆ ಬರೋದು ಯೂಸರ್ ಕೈಯಾರೆ ಎಡಿಟ್ ಮಾಡಿದಾಗ ಮಾತ್ರ, ಸ್ಕ್ರಿಪ್ಟ್‌ನಿಂದ ತುಂಬಿದ ವ್ಯಾಲ್ಯೂನ ಅದು ಕೇಳೋದೇ ಇಲ್ಲ. ಟೈಪ್ ಇಮೇಲ್ ಕೂಡ ತುಂಬ ಉದಾರಿ, ಚುಕ್ಕೆನೇ ಇಲ್ಲದ ಡೊಮೇನ್‌ನೂ ಒಪ್ಕೊಳತ್ತೆ. ಅದಕ್ಕೆ ಅಂತ ಎರಡು ಸಾಲಿನ ರೆಜೆಕ್ಸ್ (ಪಠ್ಯ ಯಾವ ಮಾದರೀಲಿರ್ಬೇಕು ಅಂತ ಹೇಳೋ ಸೂತ್ರ) ತರ್ಬೇಡಿ, ಇಮೇಲ್ ನಿಜ ಹೌದೋ ಅಲ್ವೋ ಗೊತ್ತಾಗೋದು ಆ ವಿಳಾಸಕ್ಕೆ ಮೇಲ್ ಕಳಿಸಿ ಅವರು ಲಿಂಕ್ ಒತ್ತಿದಾಗ್ಲೇ.

ಹೆಸರಿನ ಫೀಲ್ಡ್, ಕನ್ನಡದಲ್ಲಿ ಟೈಪ್ ಮಾಡಿದ್ರೆ

ಇದಕ್ಕೆ ಬೇರೆ ನಂಬರ್ ಕೊಟ್ಟಿಲ್ಲ, ಆದ್ರೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಎ ಯಿಂದ ಝಡ್ ಅಂತ ಇರೋ ರೆಜೆಕ್ಸ್ ಕನ್ನಡದ ಒಂದಕ್ಷರಾನೂ ಒಪ್ಪಲ್ಲ, ಅದು ಎಲ್ರಿಗೂ ಗೊತ್ತು. ಅದನ್ನ ಸರಿ ಮಾಡೋಕೆ ಯೂನಿಕೋಡ್‌ನ ಲೆಟರ್ ಅನ್ನೋ ಪ್ರಾಪರ್ಟಿ ಹಾಕ್ತಾರೆ, ಆಗ್ಲೂ ಫೇಲ್, ಯಾಕಂದ್ರೆ ನಮ್ಮ ಕಾಗುಣಿತದ ಚಿಹ್ನೆಗಳು, ಅರ್ಕಾವತ್ತು ಬರೋಕೆ ಬೇಕಾದ ಹಲಂತ, ಇವೆಲ್ಲ ಯೂನಿಕೋಡ್ ಲೆಕ್ಕದಲ್ಲಿ ಲೆಟರ್ ಅಲ್ಲ, ಮಾರ್ಕ್. ಎರಡನ್ನೂ ಸೇರಿಸಿದ್ರೂ "ವಿನೋದ್‌ಕುಮಾರ್" ಅನ್ನೋ ಹೆಸರು ಸಿಕ್ಕಿ ಬೀಳತ್ತೆ, ದ್ ಮತ್ತೆ ಕು ಒತ್ತಕ್ಷರ ಆಗದೆ ಇರ್ಲಿ ಅಂತ ಮಧ್ಯದಲ್ಲಿ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಇರತ್ತೆ, ಅದು ಲೆಟರೂ ಅಲ್ಲ ಮಾರ್ಕೂ ಅಲ್ಲ. ಯೂಸರ್‌ಗೆ ಬರೋ ಮೆಸೇಜ್ "ಅಕ್ಷರಗಳನ್ನ ಮಾತ್ರ ಬಳಸಿ". ಅವರು ಬಳಸಿರೋದು ಅಕ್ಷರಾನೇ!

ಉದ್ದದ ಲೆಕ್ಕಾನೂ ನೋಡಿ. "ಸ್ತ್ರೀ" ಕಣ್ಣಿಗೆ ಒಂದಕ್ಷರ, ಜಾವಾಸ್ಕ್ರಿಪ್ಟ್‌ನ ಲೆಂತ್ ಹೇಳೋದು 6: ಸ, ಹಲಂತ, ತ, ಹಲಂತ, ರ, ದೀರ್ಘದ ಚಿಹ್ನೆ. ಇಪ್ಪತ್ತರ ಮಿತಿ ಹಾಕಿದ್ರೆ ಸಾಧಾರಣ ಪೂರ್ತಿ ಹೆಸರೂ ಮಧ್ಯಕ್ಕೆ ಕತ್ತರಿಸಿ ಹೋಗ್ಬಹುದು. ಇನ್ನೂ ಒಂದು, ೊ ಚಿಹ್ನೆನ ಒಂದೇ ಕೋಡ್ ಆಗೂ ಬರೀಬಹುದು, ೆ ಮತ್ತೆ ೂ ಎರಡು ಸೇರಿಸಿಯೂ ಬರೀಬಹುದು, ನೋಡೋಕೆ ಒಂದೇ, ಹೋಲಿಸಿದ್ರೆ ಬೇರೆ. ಹೋಲಿಸೋ ಮುಂಚೆ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಜೋಡಿಸಿದ ರೂಪಕ್ಕೆ) ನಾರ್ಮಲೈಸ್ ಮಾಡಿದ್ರೆ ಸರಿ ಹೋಗತ್ತೆ. ಕನ್ನಡ ಅಂಕಿ ೧೨೩ ಹೊಡೆದ್ರೆ ರೆಜೆಕ್ಸ್‌ನ ಡಿಜಿಟ್ ಅನ್ನೋದು ಒಪ್ಪಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಅದು 0 ಯಿಂದ 9 ಮಾತ್ರ, ಮೊದ್ಲು ಆ ಅಂಕಿಗೆ ಬದಲಾಯಿಸಿಕೊಂಡು ಆಮೇಲೆ ನೋಡಿ.

ಕೀಬೋರ್ಡ್ ಅಕ್ಷರ ಜೋಡಿಸ್ತಾ ಇರೋವಾಗ ಬ್ರೌಸರ್ ಕಾಂಪೊಸಿಶನ್ ಇವೆಂಟ್‌ಗಳನ್ನ ಕಳಿಸತ್ತೆ. ವ್ಯೂನ ವಿ-ಮಾಡೆಲ್ ಕಾಂಪೊಸಿಶನ್ ಮುಗಿಯೋವರ್ಗೂ ಅಪ್‌ಡೇಟೇ ಆಗಲ್ಲ, ಲೈವ್ ಅಕ್ಷರ ಎಣಿಕೆ ತೋರಿಸ್ತಿದ್ರೆ ಅದು ನಿಂತ ಹಾಗೆ ಕಾಣತ್ತೆ, ಆಗ ವಿ-ಮಾಡೆಲ್ ಬಿಟ್ಟು ಇನ್‌ಪುಟ್ ಇವೆಂಟ್ ನೇರವಾಗಿ ಕೇಳಿ. ಎಂಟರ್‌ಗೆ ನೀವೇ ಹ್ಯಾಂಡ್ಲರ್ ಬರೆದಿದ್ರೆ ಈಸ್‌ಕಾಂಪೋಸಿಂಗ್ ಚೆಕ್ ಮಾಡಿ, ಪದ ಆರಿಸೋಕೆ ಒತ್ತಿದ ಎಂಟರ್‌ಗೆ ಫಾರ್ಮ್ ಹೋಗ್ಬಾರ್ದು.

ಒಟ್ನಲ್ಲಿ ಹೆಸರಿಗೆ ರೆಜೆಕ್ಸೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಖಾಲಿ ಇಲ್ವಾ, ತೀರಾ ಉದ್ದ ಇಲ್ವಾ, ಸಾಕು.

5. ಯಾವಾಗ ಬೈಬೇಕು

ರೂಲ್ ಓಡಿಸೋದು ಬೇರೆ, ಎರರ್ ತೋರಿಸೋದು ಬೇರೆ. ಇವೆರಡನ್ನ ಬೇರೆ ಮಾಡದೆ ಇರೋದೇ ಮುಕ್ಕಾಲು ಫಾರ್ಮ್‌ಗಳ ರೋಗ. ಯೂಸರ್ ಇಮೇಲ್‌ನ ಮೊದಲನೇ ಅಕ್ಷರ ಹೊಡೀತಿದ್ದ ಹಾಗೇ "ಇಮೇಲ್ ಸರಿ ಇಲ್ಲ" ಅಂತ ಕೆಂಪಾದ್ರೆ ಅದು ಬಾಯಿ ತೆಗೆಯೋ ಮುಂಚೆ ಗದರಿಸಿದ ಹಾಗೆ. ಹಾಗಂತ ಕೊನೇವರ್ಗೂ ಸುಮ್ನಿದ್ದು ಸಬ್ಮಿಟ್ ಒತ್ತಿದ ಮೇಲೆ ಒಂಬತ್ತು ಎರರ್ ಒಟ್ಟಿಗೆ ಎಸೆಯೋದೂ ಸರಿ ಅಲ್ಲ.

ಕೆಲಸ ಮಾಡೋ ಕ್ರಮ ಹೀಗೆ. ಫೀಲ್ಡ್ ಮೊದ್ಲ ಸಲ ತುಂಬ್ತಿರೋವಾಗ ಸುಮ್ನಿರಿ. ಅದನ್ನ ಬಿಟ್ಟು ಹೊರಗೆ ಬಂದಾಗ, ಅಂದ್ರೆ ಬ್ಲರ್ ಆದಾಗ, ತಪ್ಪಿದ್ರೆ ತೋರಿಸಿ. ಒಂದ್ಸಲ ತಪ್ಪು ತೋರಿಸಿದ ಮೇಲೆ ಅವರು ತಿದ್ದೋಕೆ ಬಂದ್ರೆ ಪ್ರತಿ ಕೀಗೂ ಚೆಕ್ ಮಾಡಿ, ಸರಿ ಆದ ಕ್ಷಣಾನೇ ಕೆಂಪು ತೆಗೀರಿ. ತಪ್ಪು ಹೇಳೋಕೆ ನಿಧಾನ, ಸರಿ ಅನ್ನೋಕೆ ಬೇಗ. ಖಾಲಿ ಬಿಟ್ಟು ಟ್ಯಾಬ್ ಒತ್ತಿ ಮುಂದೆ ಹೋದ ಫೀಲ್ಡ್‌ಗೆ "ಇದು ಕಡ್ಡಾಯ" ಅಂತ ಬ್ಲರ್‌ನಲ್ಲೇ ಹೇಳ್ಬೇಕಾ ಅನ್ನೋದು ರುಚಿಗೆ ಬಿಟ್ಟಿದ್ದು, ನಾನಾದ್ರೆ ಅದನ್ನ ಸಬ್ಮಿಟ್‌ವರ್ಗೂ ತಡೀತೀನಿ, ಆಮೇಲೆ ಬಂದು ತುಂಬೋಣ ಅಂತ ಹೋಗಿರ್ತಾರೆ ಪಾಪ.

ರಿಯಾಕ್ಟ್ ಹುಕ್ ಫಾರ್ಮ್‌ನಲ್ಲಿ ಡೀಫಾಲ್ಟ್ ಮೋಡ್ ಆನ್‌ಸಬ್ಮಿಟ್, ಆಮೇಲಿನ ರೀವ್ಯಾಲಿಡೇಟ್ ಮೋಡ್ ಆನ್‌ಚೇಂಜ್, ಮೊದಲನೇದನ್ನ ಆನ್‌ಟಚ್ಡ್ ಮಾಡಿದ್ರೆ ಮೇಲೆ ಹೇಳಿದ್ದಕ್ಕೆ ಹತ್ತಿರ ಬರತ್ತೆ. ಆಂಗ್ಯುಲರ್‌ನಲ್ಲಿ ಅಪ್‌ಡೇಟ್‌ಆನ್‌ಗೆ ಬ್ಲರ್ ಕೊಡ್ಬಹುದು, ಆದ್ರೆ ಅದು ವ್ಯಾಲ್ಯೂ ಅಪ್‌ಡೇಟನ್ನೇ ತಡೆಯತ್ತೆ, ತಿದ್ದೋವಾಗ್ಲೂ ಕೆಂಪು ಹಾಗೇ ಇರತ್ತೆ. ಅದಕ್ಕಿಂತ ಚೇಂಜ್‌ನಲ್ಲೇ ಬಿಟ್ಟು ಟೆಂಪ್ಲೇಟ್‌ನಲ್ಲಿ ಟಚ್ಡ್ ನೋಡಿ ತೋರಿಸೋದು ವಾಸಿ. ಬ್ಲರ್‌ನ ಪೂರ್ತಿ ನಂಬಿ ಕೂರೋ ಹಾಗೂ ಇಲ್ಲ: ಬ್ರೌಸರ್ ಆಟೋಫಿಲ್ ಒಂದೇ ಏಟಿಗೆ ಐದು ಫೀಲ್ಡ್ ತುಂಬಿದ್ರೆ ಯೂಸರ್ ಆ ಫೀಲ್ಡ್‌ಗಳಿಗೆ ಹೋಗೇ ಇರಲ್ಲ, ಬ್ಲರ್ ಎಲ್ಲಿಂದ ಬರತ್ತೆ. ಅದಕ್ಕೇ ಸಬ್ಮಿಟ್‌ನಲ್ಲಿ ಯಾವತ್ತೂ ಎಲ್ಲಾನೂ ಚೆಕ್ ಮಾಡ್ಬೇಕು.

ಫಾರ್ಮ್ ಸರಿ ಆಗೋವರ್ಗೂ ಸಬ್ಮಿಟ್ ಬಟನ್ ಡಿಸೇಬಲ್ ಮಾಡಿ ಇಡೋ ಅಭ್ಯಾಸ ನಂಗಂತೂ ಇಷ್ಟ ಇಲ್ಲ. ಬಟನ್ ಬೂದು ಬಣ್ಣದಲ್ಲಿ ಕೂತಿದೆ, ಯಾಕೆ ಅಂತ ಯಾರೂ ಹೇಳ್ತಿಲ್ಲ. ಒತ್ತೋಕೆ ಬಿಡಿ, ಒತ್ತಿದಾಗ ಏನು ಬಾಕಿ ಇದೆ ಅಂತ ಹೇಳಿ, ಮೊದಲನೇ ತಪ್ಪು ಫೀಲ್ಡ್‌ಗೆ ಫೋಕಸ್ ಕಳಿಸಿ.

ಮೆಸೇಜ್ ತೋರಿಸೋವಾಗ ಬರೀ ಕೆಂಪು ಬಾರ್ಡರ್ ಸಾಲದು. ಇನ್‌ಪುಟ್‌ಗೆ ಏರಿಯಾ-ಇನ್‌ವ್ಯಾಲಿಡ್ ಹಾಕಿ, ಮೆಸೇಜ್‌ಗೆ ಐಡಿ ಕೊಟ್ಟು ಏರಿಯಾ-ಡಿಸ್ಕ್ರೈಬ್ಡ್‌ಬೈನಲ್ಲಿ ಜೋಡಿಸಿ, ಆಗ ಸ್ಕ್ರೀನ್ ರೀಡರ್ ಫೀಲ್ಡ್ ಜೊತೆ ತಪ್ಪನ್ನೂ ಓದತ್ತೆ. ಪ್ಲೇಸ್‌ಹೋಲ್ಡರ್‌ನ ಲೇಬಲ್ ಥರ ಬಳಸ್ಬೇಡಿ. ಪಾಸ್‌ವರ್ಡ್ ಫೀಲ್ಡ್‌ನಲ್ಲಿ ಪೇಸ್ಟ್ ತಡೆಯೋದನ್ನ ಯಾರು ಶುರು ಮಾಡಿದ್ರೋ ಗೊತ್ತಿಲ್ಲ, ಪಾಸ್‌ವರ್ಡ್ ಮ್ಯಾನೇಜರ್ ಬಳಸೋರಿಗೆ ಅದ್ರಿಂದ ಕಾಟ ಅಷ್ಟೇ.

6. ಸರ್ವರ್‌ನ ಕೇಳಿ ಹೇಳೋ ವ್ಯಾಲಿಡೇಶನ್

ಯೂಸರ್‌ನೇಮ್ ಸಿಗತ್ತಾ ಅನ್ನೋದು ಇದ್ರ ಹಳೇ ಉದಾಹರಣೆ. ಪ್ರತಿ ಕೀಗೂ ರಿಕ್ವೆಸ್ಟ್ ಬೇಡ, ಟೈಪಿಂಗ್ ನಿಂತು 300 ರಿಂದ 500 ಮಿಲಿಸೆಕೆಂಡ್ ಆದ ಮೇಲೆ ಕಳಿಸಿ, ಅದೂ ಸಾಮಾನ್ಯ ರೂಲ್ಸ್ ಪಾಸ್ ಆಗಿದ್ರೆ ಮಾತ್ರ. ಈ ಕೊನೇದನ್ನ ಆಂಗ್ಯುಲರ್ ತಾನೇ ಮಾಡತ್ತೆ, ಸಿಂಕ್ (ಅಲ್ಲೇ ಉತ್ತರ ಕೊಡೋ) ವ್ಯಾಲಿಡೇಟರ್‌ಗಳು ಪಾಸ್ ಆಗೋವರ್ಗೂ ಅಸಿಂಕ್‌ನ (ಉತ್ತರಕ್ಕೆ ಕಾಯ್ಬೇಕಾದ್ದನ್ನ) ಕರೆಯಲ್ಲ, ಕರೆದ ಮೇಲೆ ಉತ್ತರ ಬರೋವರ್ಗೂ ಸ್ಟೇಟಸ್ ಪೆಂಡಿಂಗ್.

ಡಿಬೌನ್ಸ್ (ಹೀಗೆ ಟೈಪಿಂಗ್ ನಿಲ್ಲೋವರ್ಗೂ ಕಾಯೋದು) ಹಾಕಿದ್ರೆ ಆಯ್ತು ಅಂತ ಇಲ್ಲಿಗೇ ನಿಲ್ಸೋರು ಜಾಸ್ತಿ. ಆದ್ರೆ ಯೂಸರ್ "ರವಿ" ಅಂತ ಹೊಡೆದು ನಿಲ್ಸಿದ್ರು, ರಿಕ್ವೆಸ್ಟ್ ಹೋಯ್ತು, ಆಮೇಲೆ "ರವಿಕಿರಣ" ಮಾಡಿದ್ರು, ಇನ್ನೊಂದು ಹೋಯ್ತು. ಎರಡನೇದು ಬೇಗ ವಾಪಸ್ ಬಂತು, ಸಿಗತ್ತೆ ಅಂತು. ನೆಟ್‌ವರ್ಕ್‌ನಲ್ಲಿ ಎಲ್ಲೋ ಸಿಕ್ಕಾಕೊಂಡಿದ್ದ ಮೊದಲನೇದು ಈಗ ಬಂದು ಸಿಗಲ್ಲ ಅಂತು. ಬಾಕ್ಸ್‌ನಲ್ಲಿ ರವಿಕಿರಣ, ಕೆಳಗೆ "ಈ ಹೆಸರು ಬೇರೆಯವರು ತಗೊಂಡಿದಾರೆ". ಇದಕ್ಕೆ ಪರಿಹಾರ ಎರಡಿದೆ, ಹೊಸ ರಿಕ್ವೆಸ್ಟ್ ಕಳಿಸೋ ಮುಂಚೆ ಹಳೇದನ್ನ ಬ್ರೌಸರ್‌ನ ಅಬಾರ್ಟ್‌ಕಂಟ್ರೋಲರ್‌ನಿಂದ ನಿಲ್ಸೋದು, ಅಥವಾ ಉತ್ತರದ ಜೊತೆ ಅದು ಯಾವ ವ್ಯಾಲ್ಯೂಗೆ ಬಂದಿದ್ದು ಅಂತ ಇಟ್ಕೊಂಡು, ಬಾಕ್ಸ್‌ನಲ್ಲಿರೋದಕ್ಕೆ ಹೊಂದದೇ ಇದ್ರೆ ಕಸಕ್ಕೆ ಹಾಕೋದು. ನಂಗೆ ಎರಡನೇದು ಇಷ್ಟ, "ಈ ಉತ್ತರ ಈ ವ್ಯಾಲ್ಯೂದು" ಅಂತ ಸ್ಟೇಟ್‌ನಲ್ಲೇ ಇದ್ರೆ ತೋರಿಸ್ಬೇಕಾ ಬೇಡ್ವಾ ಅನ್ನೋದು ಮತ್ತೆ ಲೆಕ್ಕ ಹಾಕಿ ತೆಗೆಯೋ ವಿಷ್ಯ ಆಗತ್ತೆ. ಎರಡೂ ಸೇರಿಸಿ ಮಾಡಿದ್ರೂ ನಷ್ಟ ಇಲ್ಲ.

ಚೆಕ್ ಮಾಡೋ ರಿಕ್ವೆಸ್ಟೇ ಫೇಲ್ ಆದ್ರೆ? ಯೂಸರ್‌ನ ತಡೀಬೇಡಿ, ಸಬ್ಮಿಟ್‌ನಲ್ಲಿ ಸರ್ವರ್ ಹೇಗಿದ್ರೂ ನೋಡತ್ತೆ. ನೋಡಲೇಬೇಕು ಕೂಡ, ಯಾಕಂದ್ರೆ ನೀವು ಸಿಗತ್ತೆ ಅಂದ ಮೇಲೆ ಸಬ್ಮಿಟ್ ಒತ್ತೋದ್ರೊಳಗೆ ಇನ್ನೊಬ್ರು ತಗೊಂಡಿರ್ಬಹುದು. ಕೊನೇ ಮಾತು ಡೇಟಾಬೇಸ್‌ನ ಯುನೀಕ್ ಕನ್ಸ್ಟ್ರೇಂಟ್‌ದು (ಒಂದೇ ವ್ಯಾಲ್ಯೂ ಎರಡು ಸಲ ಬರದ ಹಾಗೆ ತಡೆಯೋ ನಿಯಮ).

7. ಸಬ್ಮಿಟ್ ಮತ್ತೆ ವಾಪಸ್ ಬರೋ ಎರರ್‌ಗಳು

ಫಾರ್ಮ್ ಎಲಿಮೆಂಟ್ ಬಳಸಿ, ಅದ್ರ ಸಬ್ಮಿಟ್ ಇವೆಂಟ್ ಹಿಡೀರಿ. ಡಿವ್ ಒಳಗೆ ಬಟನ್ ಇಟ್ಟು ಕ್ಲಿಕ್ ಹಿಡಿದ್ರೆ ಎಂಟರ್ ಕೆಲಸ ಮಾಡಲ್ಲ. ಫಾರ್ಮ್ ಒಳಗಿರೋ ಬಟನ್‌ಗೆ ಟೈಪ್ ಕೊಡದೇ ಇದ್ರೆ ಅದು ಸಬ್ಮಿಟ್ ಬಟನ್ನೇ, "ಇನ್ನೊಬ್ಬರನ್ನ ಸೇರಿಸಿ" ಒತ್ತಿದ್ರೆ ಫಾರ್ಮ್ ಹೋಗ್ಬಿಡತ್ತೆ, ಅಂಥದ್ದಕ್ಕೆಲ್ಲ ಟೈಪ್ ಬಟನ್ ಅಂತ ಬರೀರಿ.

ಎರಡು ಸಲ ಒತ್ತೋದನ್ನ ತಡೆಯೋಕೆ ಕಳಿಸ್ತಿದೆ ಅನ್ನೋ ಸ್ಟೇಟಸ್ ಇದ್ರೆ ಹ್ಯಾಂಡ್ಲರ್ ಶುರುವಲ್ಲೇ ವಾಪಸ್ ಹೋಗಿ. ದುಡ್ಡಿನ ವ್ಯವಹಾರ ಆದ್ರೆ ಅಷ್ಟಕ್ಕೇ ನಿಲ್ಬೇಡಿ, ಪ್ರತಿ ಪ್ರಯತ್ನಕ್ಕೂ ಒಂದು ಕೀ ಕಳಿಸಿ, ಅದೇ ಕೀ ಮತ್ತೆ ಬಂದ್ರೆ ಸರ್ವರ್ ಹಳೇ ಉತ್ತರಾನೇ ಕೊಡೋ ಹಾಗಿರ್ಲಿ, ನೆಟ್‌ವರ್ಕ್ ಕಡಿದು ಯೂಸರ್ ಮತ್ತೆ ಒತ್ತಿದಾಗ ಉಳಿಸೋದು ಅದೇ.

ಸರ್ವರ್ ಎರರ್‌ಗಳನ್ನ ನಿಮ್ಮ ರೂಲ್ಸ್ ಎರರ್ ಜೊತೆ ಕಲಸ್ಬೇಡಿ, ಅದಕ್ಕೇ ಮೊದಲನೇ ಹಂತದಲ್ಲಿ ಬೇರೆ ಜಾಗ ಕೊಟ್ಟಿದ್ದು. ರೂಲ್ಸ್ ಎರರ್ ಪ್ರತಿ ಸಲ ಹೊಸದಾಗಿ ಹುಟ್ಟತ್ತೆ, ಸರ್ವರ್ ಎರರ್ ಒಂದ್ಸಲ ಬಂದಿದ್ದು, ಯೂಸರ್ ಆ ಫೀಲ್ಡ್ ಬದಲಾಯಿಸೋವರ್ಗೂ ಇದ್ದು ಆಮೇಲೆ ಹೋಗ್ಬೇಕು. ಎರಡನ್ನ ಒಂದೇ ಆಬ್ಜೆಕ್ಟ್‌ಗೆ ಹಾಕಿದ್ರೆ ಒಂದೋ ಮುಂದಿನ ವ್ಯಾಲಿಡೇಶನ್ ಅದನ್ನ ಅಳಿಸತ್ತೆ, ಇಲ್ಲಾ ಅದು ಹೋಗೋದೇ ಇಲ್ಲ. ಸರ್ವರ್ ಟೀಮ್ ಜೊತೆ ಎರರ್ ಆಕಾರ ಮುಂಚೇನೇ ಮಾತಾಡ್ಕೊಳ್ಳಿ, 2023 ರ ಆರ್‌ಎಫ್‌ಸಿ 9457 ಪ್ರಾಬ್ಲಮ್ ಡೀಟೇಲ್ಸ್ ಅಂತ ಒಂದು ಸ್ಟ್ಯಾಂಡರ್ಡ್ ಕೊಟ್ಟಿದೆ, ಅದಕ್ಕೆ ಫೀಲ್ಡ್‌ವಾರು ಎರರ್ ಪಟ್ಟಿ ಸೇರಿಸ್ಕೊಂಡ್ರೆ ಸಾಕು. ಸ್ಕ್ರೀನ್‌ನಲ್ಲಿ ಇಲ್ಲದ ಫೀಲ್ಡ್‌ಗೆ ಎರರ್ ಬಂದ್ರೆ ಅದನ್ನ ಫಾರ್ಮ್ ಮೇಲ್ಗಡೆ ತೋರಿಸಿ, ನುಂಗ್ಬೇಡಿ.

8. ಮಾಯ ಆಗೋ ಫೀಲ್ಡ್, ಬೆಳೆಯೋ ಪಟ್ಟಿ, ಎಡಿಟ್ ಫಾರ್ಮ್

"ಸಬ್ಮಿಟ್ ಒತ್ತಿದ್ರೆ ಏನೂ ಆಗ್ತಿಲ್ಲ" ಅನ್ನೋ ಬಗ್ ಬಂದ್ರೆ ಮೊದ್ಲು ನೋಡ್ಬೇಕಾದ್ದು ಮರೆಯಾಗಿರೋ ಫೀಲ್ಡ್. ಸ್ಕ್ರೀನ್‌ನಿಂದ ತೆಗೆದಿದೀರಾ, ಸ್ಕೀಮಾದಲ್ಲಿ ಇನ್ನೂ ಕಡ್ಡಾಯ, ಎರರ್ ಇದೆ ಆದ್ರೆ ತೋರಿಸೋಕೆ ಜಾಗ ಇಲ್ಲ. "ಒಬ್ಬರೇನಾ, ಗುಂಪಾ" ಅನ್ನೋ ಫೀಲ್ಡ್ ಮೇಲೆ ಎರಡು ಬೇರೆ ಸ್ಕೀಮಾ ಬರೀರಿ, ಡಿಸ್ಕ್ರಿಮಿನೇಟೆಡ್ ಯೂನಿಯನ್ (ಒಂದು ಫೀಲ್ಡ್‌ನ ವ್ಯಾಲ್ಯೂ ನೋಡಿ ಸ್ಕೀಮಾ ಆರಿಸೋದು) ಇದಕ್ಕೇ ಇದೆ. ಮರೆಯಾದ ಫೀಲ್ಡ್‌ನ ವ್ಯಾಲ್ಯೂನ ಸ್ಟೇಟ್‌ನಲ್ಲಿ ಇಟ್ಕೊಳ್ಳಿ, ಯೂಸರ್ ತಪ್ಪಿ ಡ್ರಾಪ್‌ಡೌನ್ ಬದಲಾಯಿಸಿ ವಾಪಸ್ ಬಂದ್ರೆ ತುಂಬಿದ್ದೆಲ್ಲ ಇರತ್ತೆ, ಕಳಿಸೋವಾಗ ಮಾತ್ರ ಬಿಟ್ಟು ಕಳಿಸಿ.

ಪಟ್ಟಿಗೆ ಕೀ ಆಗಿ ಇಂಡೆಕ್ಸ್ ಬೇಡ. ಮೂರು ಜನರಲ್ಲಿ ಎರಡನೆಯವರನ್ನ ತೆಗೆದ್ರೆ, ಅನ್‌ಕಂಟ್ರೋಲ್ಡ್ ಇನ್‌ಪುಟ್ ಆಗಿದ್ರೆ ಸ್ಕ್ರೀನ್‌ನಿಂದ ಹೋಗೋದು ಮೂರನೆಯವರು. ಸಾಲು ಸೇರಿಸೋವಾಗ್ಲೇ ಒಂದು ಐಡಿ ಕೊಡಿ, ಟಚ್ಡ್, ಎರರ್ ಎಲ್ಲಾನೂ ಅದೇ ಐಡಿಗೆ ಕಟ್ಟಿ.

ಎಡಿಟ್ ಫಾರ್ಮ್‌ನಲ್ಲಿ, ಡೇಟಾ ಹಿನ್ನೆಲೇಲಿ ಮತ್ತೆ ಫೆಚ್ ಆಗೋ ಲೈಬ್ರರಿ ಬಳಸ್ತಿದ್ರೆ, ಯೂಸರ್ ಬೇರೆ ಟ್ಯಾಬ್‌ಗೆ ಹೋಗಿ ವಾಪಸ್ ಬಂದಾಗ ಹೊಸ ಡೇಟಾ ಬಂದು, ನಿಮ್ಮ ಎಫೆಕ್ಟ್ ಫಾರ್ಮ್‌ನ ರೀಸೆಟ್ ಮಾಡಿ, ಅವರು ಅರ್ಧ ಬರೆದಿದ್ದೆಲ್ಲ ಹೋಗತ್ತೆ. ಡರ್ಟಿ ಆಗಿರೋ ಫೀಲ್ಡ್‌ನ ಮುಟ್ಬೇಡಿ, ರಿಯಾಕ್ಟ್ ಹುಕ್ ಫಾರ್ಮ್‌ನ ರೀಸೆಟ್‌ಗೆ ಕೀಪ್‌ಡರ್ಟಿವ್ಯಾಲ್ಯೂಸ್ ಅನ್ನೋ ಆಯ್ಕೆ ಇದೆ. ಉದ್ದದ ಫಾರ್ಮ್ ಆದ್ರೆ ಡ್ರಾಫ್ಟನ್ನ ಸೆಶನ್‌ಸ್ಟೋರೇಜ್‌ನಲ್ಲಿ ಇಡ್ಬಹುದು, ಪಾಸ್‌ವರ್ಡ್ ಕಾರ್ಡ್ ನಂಬರ್ ಬಿಟ್ಟು. ಪೇಜ್ ಬಿಡೋವಾಗ ಎಚ್ಚರಿಸೋಕೆ ಬಿಫೋರ್‌ಅನ್‌ಲೋಡ್ ಇದೆ, ನಿಮ್ಮ ಸ್ವಂತ ಮೆಸೇಜ್ ಈಗಿನ ಬ್ರೌಸರ್‌ಗಳು ತೋರಿಸಲ್ಲ, ಅವರದ್ದೇ ಸಾಲು ಬರತ್ತೆ. ಆ್ಯಪ್ ಒಳಗಿನ ಲಿಂಕ್‌ಗಳಿಗೆ ಅದು ಬರೋದೇ ಇಲ್ಲ, ರೌಟರ್‌ನಲ್ಲಿ ಬೇರೆ ತಡೆ ಹಾಕ್ಬೇಕು.

ಶಿಪ್ ಮಾಡೋ ಮುಂಚೆ

ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಮತ್ತೆ ಎಂಟರ್‌ನಲ್ಲಿ ಫಾರ್ಮ್ ತುಂಬಿ ಕಳಿಸಿ. ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ಸಬ್ಮಿಟ್‌ನ ಟಪಟಪ ಒತ್ತಿ, ಎಷ್ಟು ರಿಕ್ವೆಸ್ಟ್ ಹೋಯ್ತು ನೋಡಿ. ಆಟೋಫಿಲ್‌ನಿಂದ ತುಂಬಿಸಿ ನೋಡಿ. ಸರ್ವರ್ ಸೈಡ್ ರೆಂಡರಿಂಗ್ ಇದ್ರೆ ನಿಧಾನದ ನೆಟ್‌ವರ್ಕ್‌ನಲ್ಲೇ, ಸ್ಕ್ರಿಪ್ಟ್ ಬರೋ ಮುಂಚೆ ಏನಾದ್ರೂ ಟೈಪ್ ಮಾಡಿ, ಹೈಡ್ರೇಶನ್ (ಸರ್ವರ್ ಕಳಿಸಿದ ಪೇಜ್‌ಗೆ ಸ್ಕ್ರಿಪ್ಟ್ ಬಂದು ಜೋಡಿಸ್ಕೊಳ್ಳೋದು) ಆದ ಮೇಲೆ ಅದು ಉಳಿದ್ಯಾ, ಸ್ಟೇಟ್‌ಗೆ ಗೊತ್ತಾಗಿದ್ಯಾ ನೋಡಿ. ಹೆಸರಿನ ಫೀಲ್ಡ್‌ಗೆ ಮೊಬೈಲ್ ಕೀಬೋರ್ಡ್‌ನಿಂದ ಕನ್ನಡದಲ್ಲಿ ಹೊಡೀರಿ, ಮಧ್ಯದಲ್ಲಿ ನಾನ್ ಜಾಯ್ನರ್ ಇರೋ ಹೆಸರೇ ಇರ್ಲಿ. ಲೈಬ್ರರಿ ಯಾವ್ದು ಅನ್ನೋದನ್ನ ಇಷ್ಟೆಲ್ಲ ಆದ ಮೇಲೆ ಯೋಚಿಸಿದ್ರೂ ನಡೆಯತ್ತೆ, ಮೂರು ನಾಲ್ಕು ಫೀಲ್ಡ್‌ಗೆ ಏನೂ ಬೇಡ, ಪಟ್ಟಿ ಮತ್ತೆ ಷರತ್ತಿನ ಫೀಲ್ಡ್ ಬಂದಾಗ ರಿಯಾಕ್ಟ್ ಹುಕ್ ಫಾರ್ಮ್, ಟ್ಯಾನ್‌ಸ್ಟ್ಯಾಕ್ ಫಾರ್ಮ್, ವ್ಯೂನಲ್ಲಿ ವೀವ್ಯಾಲಿಡೇಟ್ ಇವುಗಳಲ್ಲಿ ನಿಮ್ಮ ಟೀಮ್‌ಗೆ ಯಾವ್ದು ಓದೋಕೆ ಸುಲಭ ಅನ್ಸತ್ತೋ ಅದು, ಆಂಗ್ಯುಲರ್‌ನಲ್ಲಿ ಅದ್ರದ್ದೇ ರಿಯಾಕ್ಟಿವ್ ಫಾರ್ಮ್ಸ್ ಇದ್ದೇ ಇದೆ.